ಗಂಟೆ ಎಣಿಸುವ ಸಾಧಕರು

‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ’ ಎಂಬ ಗಾದೆಯ ಮೊದಲ ಅರ್ಧವನ್ನು ಮಾತ್ರ ನಮ್ಮ ಜನ ಬಾಯಿಪಾಠ ಮಾಡಿಕೊಂಡಿದ್ದಾರೆ. ಉಳಿದರ್ಧ ಏನಿದ್ದರೂ ಆಸ್ಪತ್ರೆಗೆ ಸಂಬಂಧಿಸಿದ್ದೆಂದು ಅವರ ಭಾವನೆ. ಅಪಸ್ವರವನ್ನೇ ಹತ್ತು ಸಾವಿರ ಸಲ ಹಾಡಿದವನಿಗೆ ರಾಗ ಒಲಿಯುವುದಿಲ್ಲ, ಅಪಸ್ವರವೇ ಗಂಟಲಲ್ಲಿ ಗಟ್ಟಿಯಾಗಿ ಕೂರುತ್ತದೆ ಎಂಬುದನ್ನು ಸಂಗೀತದ ಮೇಷ್ಟರುಗಳು ಬಲ್ಲರು. ವಿಡಿಯೊ ಗೇಮಿನ ಮಲ್ಲಯುದ್ಧಕ್ಕೆ ಇಳಿದಿರುವ ನಮ್ಮ ತರುಣರು ಬಲ್ಲಂತೆ ಕಾಣುವುದಿಲ್ಲ.

ಸ್ಟ್ರೀಟ್ ಫೈಟರ್, ಟೆಕ್ಕನ್ ಮೊದಲಾದ ಆಟಗಳ ಮಾತಿದು. ಪರದೆಯ ಮೇಲೆ ಇಬ್ಬರು ಜಟ್ಟಿಗಳು, ಪರದೆಯ ಮುಂದೆ ಇಬ್ಬರು ಮನುಷ್ಯರು. ಒಬ್ಬನ ಶಕ್ತಿ ಮುಗಿಯುವ ತನಕ ಹೊಡೆದಾಟ. ಇಂಥ ವಿಷಯ ಸಾಹಿತ್ಯದ ಪುಟಕ್ಕೆ ಬಂದದ್ದೇ ಅಧೋಗತಿಯೆನ್ನುವ ಹಿರಿಯರಿದ್ದಾರೆ. ಅವರೊಡನೆ ಇವತ್ತು ನನಗೆ ಜಗಳವಿಲ್ಲ. ೨೦೨೨ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ಇ-ಕ್ರೀಡೆಯನ್ನು ಕ್ರೀಡಾ ಇಲಾಖೆಯ ಮಡಿಲಿಗೆ ಹಾಕಿತು. ೨೦೨೩ರಲ್ಲಿ ಚೀನದ ಹಾಂಗ್‌ಝೌದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರಿಗೆ ಪದಕವಿತ್ತು. ಭಾರತದಿಂದ ಹೋದ ಇಬ್ಬರು ಬರಿಗೈಯಲ್ಲಿ ಹಿಂದಿರುಗಿದರು. ಹೋದವರನ್ನು ಹಳಿಯುವುದು ಅನ್ಯಾಯ. ನನ್ನ ಜಗಳವೆಲ್ಲ, ‘ದಿನಕ್ಕೆ ಹತ್ತು ಗಂಟೆ ಆಡು, ಕೈ ತಾನಾಗಿ ಪಳಗುತ್ತದೆ’ ಎಂದು ಉಪದೇಶ ಮಾಡುವ ಮಹನೀಯರೊಡನೆ. ಈ ಮಂತ್ರವನ್ನು ನಂಬಿ ಹುಡುಗರು ನಿದ್ದೆ ಬಿಡುತ್ತಾರೆ, ಪರೀಕ್ಷೆ ಬಿಡುತ್ತಾರೆ, ಮಣಿಕಟ್ಟು ನೋಯಿಸಿಕೊಳ್ಳುತ್ತಾರೆ. ಮೂರು ವರ್ಷದ ಮೇಲೂ ನಿಂತ ಮೆಟ್ಟಿಲಲ್ಲೇ ನಿಂತಿರುತ್ತಾರೆ. ಆಗ ‘ನಿನಗೆ ಕೈಯ ಚುರುಕು ಸಾಲದು’ ಎಂಬ ತೀರ್ಪು ಬರುತ್ತದೆ. ಉಪದೇಶ ಮಾಡಿದವರು ಕೈ ತೊಳೆದುಕೊಳ್ಳುತ್ತಾರೆ.

ಚುರುಕಿನ ವಿಚಾರವನ್ನೇ ಮೊದಲು ನೋಡೋಣ. ಈ ಆಟಗಳು ಸೆಕೆಂಡಿಗೆ ೬೦ ಚಿತ್ರಗಳಂತೆ ಓಡುತ್ತವೆ. ಆಟಗಾರರ ಬಾಯಲ್ಲಿ ಅದು ಫ್ರೇಮು. ಕಣ್ಣು ಕಂಡು, ಮಿದುಳು ತಿಳಿದು, ಬೆರಳು ಅಲುಗುವಷ್ಟರಲ್ಲಿ ಸಾಮಾನ್ಯ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು, ಎಂದರೆ ೧೫ ಫ್ರೇಮು, ಕಳೆದುಹೋಗುತ್ತದೆ. ಸ್ಟ್ರೀಟ್ ಫೈಟರ್‌ನ ಆರನೆಯ ಆವೃತ್ತಿಯಲ್ಲಿ ಹಗುರವಾದ ಗುದ್ದು ೪ ಫ್ರೇಮಿಗೇ ಬಂದು ತಗಲುತ್ತದೆ. ಅದನ್ನು ನೋಡಿ ತಡೆಯುವ ಕಣ್ಣು ಭೂಲೋಕದಲ್ಲಿ ಹುಟ್ಟಿಲ್ಲ! ಎದುರಾಳಿ ಈಗ ಏನು ಮಾಡಬಲ್ಲ, ಏನು ಮಾಡಲಾರ ಎಂದು ಮುಂಚೆಯೇ ತಿಳಿದವನು ಮಾತ್ರ ತಡೆಯುತ್ತಾನೆ. ಹಾಂಗ್‌ಝೌದಲ್ಲಿ ಚಿನ್ನ ಗೆದ್ದ ದಕ್ಷಿಣ ಕೊರಿಯದ ಕಿಮ್ ಗ್ವಾನ್-ವೂ ಅವರ ವಯಸ್ಸು ಆಗ ೪೪. ಬೆರಳಿನ ವೇಗವೇ ಸರ್ವಸ್ವವಾಗಿದ್ದರೆ ಹದಿನೆಂಟರ ಹುಡುಗರ ಕೈಯಿಂದ ಅವರು ಆ ಪದಕ ಕಿತ್ತುಕೊಂಡದ್ದು ಹೇಗೆ?

ನಮ್ಮವರಲ್ಲಿ ಶ್ರದ್ಧೆಯುಳ್ಳವರೂ ಇದ್ದಾರೆ. ಅವರು ಆಟದಲ್ಲೇ ಒದಗಿಸಿರುವ ಅಭ್ಯಾಸದ ಕೋಣೆಗೆ ಹೋಗುತ್ತಾರೆ. ಅಲ್ಲಿ ಮರದ ಬೊಂಬೆಯಂತೆ ನಿಂತ ಎದುರಾಳಿಗೆ ಹದಿನಾಲ್ಕು ಏಟಿನ ಸರಮಾಲೆ ಪೋಣಿಸುವುದನ್ನು ಕಲಿಯುತ್ತಾರೆ. ಅದಕ್ಕೆ ಕಾಂಬೊ ಎಂದು ಹೆಸರು. ಕಲಿತದ್ದನ್ನು ಚಿತ್ರ ತೆಗೆದು ಗೆಳೆಯರಿಗೆ ತೋರಿಸಿಯೂ ಆಯಿತು. ಪಂದ್ಯದಲ್ಲಿ ಎದುರಾಳಿ ಬೊಂಬೆಯಂತೆ ನಿಲ್ಲುವುದಿಲ್ಲವೆಂಬುದು ಆಮೇಲೆ ಗೊತ್ತಾಗುತ್ತದೆ. ಮೊದಲ ಏಟು ತಗಲಿದರೆ ತಾನೆ ಹದಿನಾಲ್ಕನೆಯದರ ಮಾತು? ತಪ್ಪದೆ ಬರುವ ನಾಲ್ಕು ಏಟಿನ ಸರಣಿ, ಮೂರರಲ್ಲಿ ಒಂದು ಸಲ ಕೈಗೂಡುವ ಹದಿನಾಲ್ಕು ಏಟಿನದಕ್ಕಿಂತ ಎಷ್ಟೋ ಮೇಲು. ಹಳೆಯ ಗರಡಿಯ ಉಸ್ತಾದರು ಈ ಲೆಕ್ಕ ಬಲ್ಲವರು. ಶಿಷ್ಯ ಒಂದು ಪಟ್ಟನ್ನು ಎಡಕ್ಕೂ ಬಲಕ್ಕೂ ತಪ್ಪಿಲ್ಲದೆ ಹಾಕುವವರೆಗೆ ಎರಡನೆಯದನ್ನು ಅವರು ತೋರಿಸುತ್ತಿರಲಿಲ್ಲ. ಎಡಬಲದ ಮಾತು ಸುಮ್ಮನೆ ಹೇಳಿದ್ದಲ್ಲ. ಪರದೆಯ ಎಡಗಡೆ ನಿಂತಾಗ ಕೈ ಹೋಗುವ ದಿಕ್ಕು ಬಲಗಡೆ ನಿಂತಾಗ ತಿರುಗುಮುರುಗು. ಅನೇಕರು ಒಂದೇ ಕಡೆಯಿಂದ ಅಭ್ಯಾಸ ಮಾಡಿ, ಪಂದ್ಯದಲ್ಲಿ ಬೆನ್ನು ಮೂಲೆಗೆ ಸೇರಿದೊಡನೆ ಎಡಗೈಯಲ್ಲಿ ಸಹಿ ಹಾಕುವವರಂತೆ ತಡವರಿಸುತ್ತಾರೆ.

ಹಾಗಾದರೆ ಅಭ್ಯಾಸ ಯಾವುದು? ಒಂದು ಉದಾಹರಣೆ ಸಾಕು. ಎದುರಾಳಿ ನೆಗೆದು ಬಂದಾಗ ಕೆಳಗಿನಿಂದ ಮುಷ್ಟಿಯೆತ್ತಿ ಹೊಡೆದು ಕೆಡವಬೇಕೆಂಬುದು ಆಟದ ಅ-ಆ-ಇ-ಈ. ನೆಗೆತ ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಗಾಳಿಯಲ್ಲಿರುತ್ತದೆ. ನೋಡಿ ಹೊಡೆಯಲು ಧಾರಾಳ ಸಮಯ. ಬೊಂಬೆಯನ್ನು ನೂರು ಸಲ ನೆಗೆಯಿಸಿದರೆ ನಮ್ಮ ಹುಡುಗ ನೂರು ಸಲವೂ ಹೊಡೆಯುತ್ತಾನೆ. ಪಂದ್ಯದಲ್ಲಿ ಮಾತ್ರ ಪ್ರತಿ ನೆಗೆತಕ್ಕೂ ಪೆಟ್ಟು ತಿನ್ನುತ್ತಾನೆ. ಕೈಯಲ್ಲಿ ದೋಷವಿಲ್ಲ, ಗಮನ ಬೇರೆಲ್ಲೋ ಇತ್ತು, ಅಷ್ಟೆ. ಆದ್ದರಿಂದ ಬೊಂಬೆಗೆ ಮೂರು ಕೆಲಸ ಕಲಿಸಬೇಕು: ಒಮ್ಮೆ ನಡೆದು ಬಂದು ಹಿಡಿದೆಸೆಯುವುದು, ಒಮ್ಮೆ ದೂರದಿಂದ ಬೆಂಕಿಯುಂಡೆ ಎಸೆಯುವುದು, ಒಮ್ಮೆ ನೆಗೆಯುವುದು. ಯಾವುದು ಯಾವಾಗ ಎಂಬುದನ್ನು ಯಂತ್ರದ ಇಚ್ಛೆಗೆ ಬಿಡಬೇಕು. ಮೊದಲೆರಡನ್ನು ಎದುರಿಸುತ್ತಲೇ ಮೂರನೆಯದನ್ನು ತಪ್ಪದೆ ಕೆಡವುವುದು ಅಭ್ಯಾಸ. ಹಾಗೆಯೇ, ಬೊಂಬೆ ಒಮ್ಮೆ ಏಟು ತಡೆಯಲಿ, ಒಮ್ಮೆ ತಿನ್ನಲಿ. ತಿಂದಾಗ ಮಾತ್ರ ಸರಣಿ ಮುಂದುವರಿಸಿ, ತಡೆದಾಗ ಕೈ ಬಿಗಿಹಿಡಿಯುವುದು. ಬಿಗಿಹಿಡಿಯುವುದೇ ಇದರಲ್ಲಿ ಕಷ್ಟದ ಭಾಗ. ಅರ್ಧ ಗಂಟೆಗೆ ತಲೆ ಬಿಸಿಯಾಗುತ್ತದೆ. ಹತ್ತು ಗಂಟೆ ಮಾಡಬಲ್ಲೆನೆನ್ನುವವನು ಇದನ್ನು ಮಾಡಿಯೇ ಇಲ್ಲ.

೨೦೦೪ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಡೆದ ಈವೊ ಪಂದ್ಯಾವಳಿಯ ಒಂದು ಪ್ರಸಂಗವನ್ನು ನಮ್ಮ ತರುಣರು ಪುರಾಣದಂತೆ ಹೇಳಿಕೊಳ್ಳುತ್ತಾರೆ. ಜಪಾನಿನ ಡೈಗೊ ಉಮೆಹಾರನ ಜಟ್ಟಿಯಲ್ಲಿ ಉಳಿದಿದ್ದ ಜೀವ ಒಂದು ಗೆರೆಯಷ್ಟು. ಏಟನ್ನು ಸಾಮಾನ್ಯ ರೀತಿಯಲ್ಲಿ ತಡೆದರೂ ಸೋಲೇ. ಅಮೆರಿಕದ ಜಸ್ಟಿನ್ ವಾಂಗ್ ೧೫ ಒದೆತಗಳ ಮಹಾಸ್ತ್ರ ಬಿಟ್ಟ. ಪ್ರತಿ ಒದೆತ ತಗಲುವ ಕ್ಷಣಕ್ಕೆ ಸರಿಯಾಗಿ ಕೋಲನ್ನು ಎದುರಾಳಿಯತ್ತ ತಳ್ಳಿ ಡೈಗೊ ಹದಿನೈದನ್ನೂ ನಿವಾರಿಸಿ, ಮರುಹೊಡೆತದಲ್ಲಿ ಆ ಪಂದ್ಯ ಗೆದ್ದ. ಇದನ್ನು ಪವಾಡವೆನ್ನುವವರು ಒಂದು ಅಂಶ ಮರೆಯುತ್ತಾರೆ. ಮೊದಲ ಒದೆತವನ್ನು ಕಂಡ ಮೇಲೆ ಕೈಯಾಡಿಸಲು ವೇಳೆಯಿಲ್ಲ. ಅದು ಬರುತ್ತದೆಂದು ಅವನು ಕಾದಿದ್ದ. ಉಳಿದ ಹದಿನಾಲ್ಕರ ತಾಳ ಕೈಗೆ ಬಾಯಿಪಾಠವಾಗಿತ್ತು. ಅಂದಹಾಗೆ, ಆ ವರ್ಷದ ಅಂತಿಮ ಪಂದ್ಯದಲ್ಲಿ ಡೈಗೊ ಸೋತ. ಆ ಚಿತ್ರವನ್ನು ನೂರು ಸಲ ನೋಡಿದವರಿಗೂ ಇದು ನೆನಪಿರುವುದಿಲ್ಲ.

ಇನ್ನು ಅಂತರ್ಜಾಲದ ದರ್ಜೆಯ ಹುಚ್ಚು. ಅಲ್ಲಿ ಗುರುತಿಲ್ಲದ ಒಬ್ಬನೊಡನೆ ಎರಡು ಮೂರು ಆಟ. ಗೆದ್ದರೆ ಅಂಕ, ಸೋತರೆ ಬೈಗುಳ, ಮುಂದಿನವನು ಬಾ. ಒಂದೇ ಮೋಸದ ಪಟ್ಟು ದಿನಕ್ಕೆ ಮೂವತ್ತು ಹೊಸಬರ ಮೇಲೆ ಫಲಿಸಿದರೆ ಹುಡುಗ ತಾನು ಬೆಳೆಯುತ್ತಿದ್ದೇನೆಂದು ತಿಳಿಯುತ್ತಾನೆ. ಅದೇ ಪಟ್ಟನ್ನು ಒಬ್ಬನೇ ಎದುರಾಳಿಯ ಮೇಲೆ ಹತ್ತು ಗೆಲುವಿನ ದೀರ್ಘ ಪಂದ್ಯದಲ್ಲಿ ಹಾಕಿನೋಡಲಿ: ಮೂರನೆಯ ಆಟಕ್ಕೆ ಗುಟ್ಟು ರಟ್ಟು, ನಾಲ್ಕನೆಯದಕ್ಕೆ ಮಾರುತ್ತರ ಸಿದ್ಧ. ಆಗ ತಾನೇನು ಮಾಡಬೇಕೆಂದು ಯೋಚಿಸತೊಡಗುತ್ತಾನಲ್ಲ, ಕಲಿಕೆ ಶುರುವಾಗುವುದು ಅಲ್ಲಿಂದ.

ನೆರೆಯ ಲಾಹೋರಿನ ಕಥೆಯನ್ನು ನಮ್ಮವರು ಕಿವಿಗೊಟ್ಟು ಕೇಳಬೇಕು. ೨೦೧೯ರಲ್ಲಿ ಅರ್ಸಲಾನ್ ಆಶ್ ಎಂಬ ತರುಣ ಜಪಾನಿನ ಈವೊದಲ್ಲೂ ಅಮೆರಿಕದ ಈವೊದಲ್ಲೂ ಟೆಕ್ಕನ್ ಪ್ರಶಸ್ತಿ ಗೆದ್ದ. ಅದಕ್ಕೆ ಮುಂಚೆ ಅವನ ಹೆಸರು ಜಗತ್ತಿಗೆ ಗೊತ್ತಿರಲಿಲ್ಲ. ತನ್ನ ದೇಶದಲ್ಲಿ ತನ್ನಂಥವರು ಇನ್ನೂ ಇದ್ದಾರೆಂದು ಅವನು ಹೇಳಿದಾಗ ಕೇಳಿದವರು ವಿನಯದ ಮಾತೆಂದುಕೊಂಡಿರಬಹುದು. ಆದರೆ ಕೊರಿಯದ ಹೆಸರಾಂತ ಆಟಗಾರ ಬೇ ಜೇ-ಮಿನ್ ಆ ವರ್ಷವೇ ಪಾಕಿಸ್ತಾನಕ್ಕೆ ಹೋಗಿ, ಅಲ್ಲಿನವರೊಡನೆ ಕೂತು ಆಡಿ ಬಂದ. ಜಗತ್ತಿನ ಅಗ್ರಗಣ್ಯನೊಬ್ಬ ಸೋಲು ಹುಡುಕಿಕೊಂಡು ಪ್ರಯಾಣ ಮಾಡಿದ! ಲಾಹೋರಿನವರ ಬಂಡವಾಳ ಮಳಿಗೆಯ ಆಟದ ಯಂತ್ರಗಳು, ಭುಜಕ್ಕೆ ಭುಜ ತಾಗಿಸಿ ಕೂರುವ ಎದುರಾಳಿ, ಹಿಂದೆ ನಿಂತು ಹಂಗಿಸುವ ನಾಲ್ಕು ಜನ. ಈ ಮಳಿಗೆಯ ಗರಡಿಯಿಂದ ಬಂದವನಿಗೆ ಲಾಸ್ ವೇಗಾಸಿನ ಸಭಾಂಗಣದ ಗದ್ದಲ ಹೊಸದಾಗಿ ಕಂಡಿರಲಾರದು. ಕೋಣೆಯ ಬಾಗಿಲು ಹಾಕಿಕೊಂಡು ದರ್ಜೆ ಏರಿದವನಿಗೆ ಮೈಕಿನವನು ಹೆಸರು ಕೂಗಿದರೇ ಬೆರಳು ತಣ್ಣಗಾಗುತ್ತದೆ.

ಸಲಕರಣೆಯ ವ್ಯಾಮೋಹಕ್ಕೆ ಎರಡು ಮಾತು ಸಾಕು. ೨೦೧೪ರ ಈವೊದಲ್ಲಿ ಫ್ರಾನ್ಸಿನ ಲಫಿ ಸ್ಟ್ರೀಟ್ ಫೈಟರ್ ಪ್ರಶಸ್ತಿ ಗೆದ್ದದ್ದು ಮೊದಲ ಪ್ಲೇಸ್ಟೇಷನ್ನಿನ ಹಳೆಯ ಪ್ಯಾಡು ಹಿಡಿದು. ತಂದೆಯವರ ಒಂದು ತಿಂಗಳ ಸಂಬಳ ಗುಂಡಿಪೆಟ್ಟಿಗೆಗೆ ಸುರಿಸಬಯಸುವ ಮಗನಿಗೆ ಇದನ್ನು ತಿಳಿಸಬಹುದು.

ಸೋಲನ್ನು ಓದುವ ಅಭ್ಯಾಸವಂತೂ ನಮ್ಮಲ್ಲಿ ಇಲ್ಲವೇ ಇಲ್ಲ. ಆಡಿದ ಆಟವನ್ನು ಯಂತ್ರವೇ ದಾಖಲೆ ಮಾಡಿಡುತ್ತದೆ. ೨೦೨೪ರಲ್ಲಿ ಬಂದ ಟೆಕ್ಕನ್ ಎಂಟನೆಯ ಆವೃತ್ತಿಯಲ್ಲಿ ಸೋತ ಆಟವನ್ನು ನಡುವೆ ನಿಲ್ಲಿಸಿ, ಆ ಘಳಿಗೆಯಿಂದ ತಾನೇ ಆಡಿ, ಮಾಡಬೇಕಾಗಿದ್ದನ್ನು ಮಾಡಿ ನೋಡಬಹುದು. ಚದುರಂಗದವರು ಸೋತ ಆಟವನ್ನು ನಡೆ ನಡೆಯಾಗಿ ಬಿಚ್ಚಿ ನೋಡುತ್ತಾರೆ; ನಮ್ಮ ಹುಡುಗ ಮತ್ತೊಂದು ಆಟ ಶುರುಮಾಡುತ್ತಾನೆ. ೨೦೨೩ರ ಈವೊದಲ್ಲಿ ಸ್ಟ್ರೀಟ್ ಫೈಟರಿಗೆ ಹೆಸರು ಕೊಟ್ಟವರು ಏಳು ಸಾವಿರಕ್ಕೂ ಹೆಚ್ಚು. ಎರಡು ಪಂದ್ಯ ಸೋತವನು ಹೊರಗೆ. ತಾನು ಏಕೆ ಸೋಲುತ್ತೇನೆಂದು ತಿಳಿಯದವನು ಅಲ್ಲಿಗೆ ವಿಮಾನದ ಟಿಕೀಟು ಕೊಳ್ಳುವುದೇಕೆ?

ತರಬೇತಿ ಕೇಂದ್ರ, ಪ್ರಾಯೋಜಕರು, ಸರ್ಕಾರದ ಅನುದಾನ ಎಂದೆಲ್ಲ ಈಗ ಮಾತು ಕೇಳಿಬರುತ್ತಿದೆ. ಅದೆಲ್ಲ ಬರಲಿ. ಅದಕ್ಕೆ ಮೊದಲು ಬೇಕಾದದ್ದು ಒಂದು ಕೋಣೆ, ಎರಡು ಪರದೆ, ಒಬ್ಬರನ್ನೊಬ್ಬರು ಬಿಡದೆ ಸೋಲಿಸುವ ಎಂಟು ಜನ. ಬೆಂಗಳೂರಿನ ಬಡಾವಣೆ ಬಡಾವಣೆಗೂ ಮನೋರಂಜನಾ ಸಂಘಗಳಿವೆ; ಕೇರಂ, ಚದುರಂಗ, ಬಿಲಿಯರ್ಡ್ಸಿಗೆ ಜಾಗವಿದೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಮಟ್ಟಿಗೆ ಒಂದು ಕೋಣೆಯನ್ನು ಈ ಹುಡುಗರಿಗೆ ಬಿಟ್ಟುಕೊಡಲು ಕಾರ್ಯದರ್ಶಿಗಳಿಗೆ ಅಡ್ಡಿಯೇನು? ರಮ್ಮಿಯ ಮೇಜಿನವರು ಎದ್ದಾರೋ ಇಲ್ಲವೋ, ಕೇಳಿ ನೋಡಬೇಕು.