ಬರದ ಸೀಮೆಯ ವಾಹನಗಳಿಗೆ ಸೋರುವ ನೀರಿನ ಸಂಕಟ

ಜಂಗಮಕೋಟೆ: ವರ್ಷವಿಡೀ ಹರಿಯುವ ನದಿಯಿಲ್ಲದ, ಶಾಶ್ವತ ನೀರಾವರಿಗಾಗಿ ದಶಕಗಳಿಂದ ಹೋರಾಡುತ್ತಿರುವ ಸೀಮೆಯಲ್ಲಿ ವಾಹನಗಳು ನೀರಿನಿಂದ ಕೆಡುತ್ತಿವೆ ಎಂದರೆ ಕೇಳಿದವರಿಗೆ ವಿಚಿತ್ರವೆನಿಸಬಹುದು. ಆದರೆ ಶಿಡ್ಲಘಟ್ಟ ತಾಲ್ಲೂಕಿನ ಈ ಹೋಬಳಿಯಂತಹ ಕಡೆಗಳಲ್ಲಿ ಜೋರು ಮಳೆಯ ಮರುದಿನ ಸ್ಟಾರ್ಟ್ ಆಗದೆ ನಿಲ್ಲುವ ಪಿಕಪ್ ವಾಹನವಾಗಲಿ, ತನ್ನಷ್ಟಕ್ಕೆ ತಾನೇ ಹಾರ್ನ್ ಬಾರಿಸುವ ಕಾರಾಗಲಿ ಅಪರೂಪದ ದೃಶ್ಯವೇನಲ್ಲ.

ಇದನ್ನು ಕೇವಲ ಗ್ಯಾರೇಜಿನ ವಿಷಯವೆಂದು ತಳ್ಳಿಹಾಕುವಂತಿಲ್ಲ. ಇಲ್ಲಿನ ಬದುಕು ನಡೆಯುವುದೇ ಸಣ್ಣ ಸರಕು ವಾಹನಗಳ ಮೇಲೆ. ರೇಷ್ಮೆಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ, ತರಕಾರಿ ಮತ್ತು ಹೂವು ಚಿಂತಾಮಣಿ, ಚಿಕ್ಕಬಳ್ಳಾಪುರ, ಬೆಂಗಳೂರುಗಳಿಗೆ ಹೊತ್ತಿಗೆ ಮುಂಚೆ ತಲುಪಬೇಕು. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ಹೊರಬರುತ್ತದೆ. ಅದಕ್ಕೆ ಮುನ್ನವೂ ಗೂಡಿನ ತೂಕ ದಿನೇ ದಿನೇ ಇಳಿಯುತ್ತದೆ. ಬ್ಯಾಟರಿ ಸತ್ತ ವಾಹನವೊಂದು ಮುಂಜಾವಿನಲ್ಲಿ ರೈತನ ಆದಾಯಕ್ಕೇ ಕೈ ಹಾಕುತ್ತದೆ.

ಬರದ ನಾಡೇ ಈ ಸಮಸ್ಯೆಗೆ ಹೆಚ್ಚು ಅನುಕೂಲಕರವಾಗಿದೆ ಎಂಬುದು ವಿಪರ್ಯಾಸ. ಜಿಲ್ಲೆಯ ವಾರ್ಷಿಕ ಮಳೆ ಏಳೂವರೆ ನೂರು ಮಿಲಿಮೀಟರ್ ಆಸುಪಾಸಿನಲ್ಲಿದ್ದು, ಅದರ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನ ಕೆಲವೇ ದಿನಗಳಲ್ಲಿ ಸುರಿಯುತ್ತದೆ. ಉಳಿದ ತಿಂಗಳುಗಳಲ್ಲಿ ಬಿಸಿಲು ಬಾಗಿಲು-ಕಿಟಕಿಗಳ ರಬ್ಬರ್ ಪಟ್ಟಿಗಳನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ಧೂಳು ನೀರು ಹೊರಹೋಗುವ ರಂಧ್ರಗಳನ್ನು ಸದ್ದಿಲ್ಲದೆ ಮುಚ್ಚುತ್ತದೆ. ನೆರಳಿಗೆಂದು ಹುಣಸೆ ಮರದಡಿ ನಿಲ್ಲಿಸಿದರೆ ಅದರ ಪುಟ್ಟ ಎಲೆಗಳು ಮುಂಗಾಜಿನ ಬುಡದ ಜಾಲರಿಯಿಂದ ಇಳಿದು ಒಳಗಿನ ಕಾಲುವೆಯಲ್ಲಿ ಗೊಬ್ಬರವಾಗುತ್ತವೆ. (ಗಾತ್ರದ ದೃಷ್ಟಿಯಿಂದ ಹುಣಸೆ ಎಲೆಯಷ್ಟು ಹಾನಿಕರವಾದುದು ಬೇರಿಲ್ಲ, ಹಲಸಿನ ಎಲೆ ಜಾಲರಿಯ ಮೇಲೆಯೇ ಉಳಿಯುತ್ತದೆ.) ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ 2023ರಂತಹ ವರ್ಷದಲ್ಲಿ ಈ ದೋಷ ಯಾರ ಗಮನಕ್ಕೂ ಬರುವುದಿಲ್ಲ. 2021ರ ನವೆಂಬರ್‌ನಂತೆ ಜಿಲ್ಲೆಯ ಕೆರೆಗಳು ಕೋಡಿ ಹರಿಯುವ ಮಳೆ ಬಂದಾಗ ಒಮ್ಮೆಗೇ ಬಯಲಾಗುತ್ತದೆ.

ಸಾಲದೆಂಬಂತೆ ಕೊಳವೆಬಾವಿಯ ಗಡಸು ನೀರಿನಲ್ಲಿ ವಾಹನ ತೊಳೆಯುವ ರೂಢಿಯಿದೆ. ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದು. ಲವಣ ಬೆರೆತ ನೀರು ಹಾಗಲ್ಲ. ಅದು ಆರಿದ ಮೇಲೆ ಉಳಿಯುವ ಬಿಳಿ ಪದರ ಮುಂದಿನ ತೇವಕ್ಕಾಗಿ ಕಾದಿರುತ್ತದೆ. ಅಧಿಕ ಒತ್ತಡದ ಪೈಪನ್ನು ಎಂಜಿನ್ ಕೋಣೆಗೆ ನೇರವಾಗಿ ಹಿಡಿಯುವುದರಿಂದ ಆಗುವ ಹಾನಿ ಮಳೆಯದ್ದಕ್ಕಿಂತ ಕಡಿಮೆಯೇನಲ್ಲ.

ಹಿಂದೆಯೂ ವಾಹನಗಳು ಸೋರುತ್ತಿದ್ದವು. ಆದರೆ ಇಷ್ಟು ಕೆಡುತ್ತಿರಲಿಲ್ಲ. 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬು 12 ವೋಲ್ಟ್‌ನಲ್ಲಿ ಸುಮಾರು ನಾಲ್ಕೂವರೆ ಆಂಪಿಯರ್ ವಿದ್ಯುತ್ ಎಳೆಯುತ್ತದೆ. ತೇವದ ಮೂಲಕ ಅದರ ಸಾವಿರದ ಒಂದಂಶ ಸೋರಿದರೂ ಬಲ್ಬಿಗೆ ತಿಳಿಯುವುದಿಲ್ಲ. ಇಂದಿನ ಸೆನ್ಸರ್‌ಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು 5 ವೋಲ್ಟ್‌ನಲ್ಲಿ, ಅತ್ಯಲ್ಪ ವಿದ್ಯುತ್ತಿನಲ್ಲಿ. ಅಲ್ಲಿ ಅಷ್ಟೇ ಸೋರಿಕೆ ಸುಳ್ಳು ಮಾಹಿತಿಯಾಗಿ ಪರಿಣಮಿಸುತ್ತದೆ. 2019ರ ಏಪ್ರಿಲ್‌ನಿಂದ ಕಾರುಗಳಿಗೆ ಎಬಿಎಸ್, ಅದೇ ವರ್ಷದ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಮತ್ತು ಹಿಮ್ಮುಖ ಸೆನ್ಸರ್, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮಗಳು ಕಡ್ಡಾಯವಾದವು. ಸುರಕ್ಷತೆ ಮತ್ತು ಶುದ್ಧ ಗಾಳಿಯ ದೃಷ್ಟಿಯಿಂದ ಇವು ಸ್ವಾಗತಾರ್ಹವೇ. ಆದರೆ ಪ್ರತಿಯೊಂದು ನಿಯಮದೊಂದಿಗೆ ಇನ್ನಷ್ಟು ತಂತಿ, ಇನ್ನಷ್ಟು ಕನೆಕ್ಟರ್‌ಗಳು ವಾಹನದೊಳಗೆ ಬಂದವು. ಅವುಗಳಲ್ಲಿ ಹಲವು ಡ್ಯಾಶ್‌ಬೋರ್ಡಿನ ಕೆಳಗೆ, ಸೀಟಿನಡಿಯಲ್ಲಿ, ಅಂದರೆ ಸೋರಿದ ನೀರು ಕೊನೆಗೆ ಬಂದು ನಿಲ್ಲುವ ಜಾಗದಲ್ಲೇ ಇವೆ.

ದೋಷ ಒಂದೆಡೆ, ಸೋರಿಕೆ ಇನ್ನೊಂದೆಡೆ

ಈ ದೋಷಗಳ ಪತ್ತೆ ಕಠಿಣವಾಗುವುದಕ್ಕೆ ಕಾರಣ ನೀರಿನ ಸ್ವಭಾವ. ಅದು ತಂತಿಗುಚ್ಛದ ಗುಂಟ ಹರಿದು, ಒಳ ನುಸುಳಿದ ಸ್ಥಳದಿಂದ ಬಹುದೂರದಲ್ಲಿ ತೊಟ್ಟಿಕ್ಕುತ್ತದೆ. ಹಿಂಬದಿ ದೀಪದ ಗ್ಯಾಸ್ಕೆಟ್ ಸವೆದರೆ ನೀರು ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ನಿಲ್ಲುತ್ತದೆ. ಸನ್‌ರೂಫ್‌ನ ಕೊಳವೆ ಕಟ್ಟಿದರೆ ಕಂಬದೊಳಗಿಂದ ಇಳಿದು ಫ್ಯೂಸ್ ಪೆಟ್ಟಿಗೆಯನ್ನು ತಲುಪಬಹುದು. ಬಾಗಿಲುಗಳ ವಿಷಯವನ್ನಂತೂ ಹಲವರು ತಪ್ಪಾಗಿಯೇ ತಿಳಿದಿದ್ದಾರೆ. ಬಾಗಿಲಿನೊಳಗೆ ನೀರು ಹೋಗುವುದು ಸಹಜ. ಕೆಳಗಿನ ರಂಧ್ರಗಳಿಂದ ಹೊರಹೋಗುವಂತೆಯೇ ಅದನ್ನು ರೂಪಿಸಲಾಗಿದೆ. ಒಳಬದಿಯಲ್ಲಿ ಅಂಟಿಸಿದ ಪ್ಲಾಸ್ಟಿಕ್ ಪರದೆ ಆ ನೀರನ್ನು ತಡೆಯುತ್ತದೆ. ಹೊಸ ಸ್ಪೀಕರ್ ಕೂರಿಸುವವರು ಆ ಪರದೆಯನ್ನು ಹರಿದು ಹಾಗೆಯೇ ಬಿಟ್ಟಲ್ಲಿ ಮುಂದಿನ ಮಳೆಗೆ ಕಾರಿನ ನೆಲ ತೊಯ್ಯುತ್ತದೆ. ಮೇಲೆ ಹಾಸಿದ ದಪ್ಪ ಮ್ಯಾಟ್ ಅದನ್ನು ವಾರಗಟ್ಟಲೆ ಮುಚ್ಚಿಡುತ್ತದೆ. ಸರಕು ವಾಹನಗಳಲ್ಲಿ ಅಲಂಕಾರದ ಎಲ್‌ಇಡಿ ಪಟ್ಟಿ, ಹೆಚ್ಚುವರಿ ಹಾರ್ನ್‌ಗಳಿಗೆಂದು ತಂತಿ ತಿರುಚಿ ಟೇಪು ಸುತ್ತಿದ ಕೀಲುಗಳೇ ಮೊದಲು ಕೈಕೊಡುತ್ತವೆ.

ಲಕ್ಷಣಗಳನ್ನು ಓದಬಲ್ಲವರಿಗೆ ಅರ್ಧ ಕೆಲಸ ಮುಗಿದಂತೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗುವುದಿದ್ದರೆ ಅರ್ತಿಂಗ್ ಬಿಂದು ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು. ಬೆಳಗ್ಗೆ ಗಾಜಿನ ಒಳಬದಿಯಲ್ಲಿ ಮಂಜು ಕಟ್ಟುತ್ತಿದ್ದರೆ ಕಾರ್ಪೆಟ್ ಕೆಳಗಿನ ಫೋಮ್ ತೇವವಾಗಿದೆ ಎಂದೇ ತಿಳಿಯಬೇಕು. ಮಳೆಯೇ ಇಲ್ಲದ ಏಪ್ರಿಲ್‌ನಲ್ಲಿ ಎಡಗಡೆಯ ಮುಂದಿನ ನೆಲ ಒದ್ದೆಯಾದರೆ ಅದು ಸಾಮಾನ್ಯವಾಗಿ ಎಸಿ ನೀರಿನ ಕೊಳವೆ ಕಟ್ಟಿಕೊಂಡ ಪರಿಣಾಮ. ಕನೆಕ್ಟರ್‌ನ ಹಿತ್ತಾಳೆ, ತಾಮ್ರದ ಮೇಲೆ ಹಸಿರು ಪುಡಿ ಕಂಡರೆ ಅಲ್ಲಿ ನೀರು ಬಹುಕಾಲದಿಂದ ವಾಸವಾಗಿದೆ ಎಂದರ್ಥ.

ಲೆಕ್ಕ ಸರಳವಾಗಿದೆ. ಬೀಗ ಹಾಕಿ ನಿಲ್ಲಿಸಿದ ಕಾರು ಸಾಮಾನ್ಯವಾಗಿ 50 ಮಿಲಿಆಂಪಿಯರ್‌ಗಿಂತ ಕಡಿಮೆ ವಿದ್ಯುತ್ ಬಳಸುತ್ತದೆ. 35 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಅದು ಬರಿದು ಮಾಡಲು ತಿಂಗಳೇ ಬೇಕು. ನೀರು ಹೊಕ್ಕು ಒಂದು ಆಂಪಿಯರ್ ಸೋರತೊಡಗಿದರೆ ಅದೇ ಬ್ಯಾಟರಿ ಒಂದೂವರೆ ದಿನಕ್ಕೆ ಖಾಲಿ. ಬ್ಯಾಟರಿ ಬದಲಿಸಿದವರು ಮರುವಾರ ಮತ್ತೆ ಗ್ಯಾರೇಜಿಗೆ ಬರುವುದು ಇದೇ ಕಾರಣದಿಂದ.

ಹೀಗಿರುವಾಗ ರಿಪೇರಿಯ ಕ್ರಮವೇ ತಲೆಕೆಳಗಾಗುತ್ತಿದೆ. ಮೊದಲು ಬಿಡಿಭಾಗ, ಆಮೇಲೆ ವೈರಿಂಗ್, ಕೊನೆಗೆ (ಅದೂ ನೆನಪಾದರೆ) ಸೋರಿಕೆ. ಆಗಬೇಕಾದುದು ಇದರ ವಿರುದ್ಧ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕಾರ್ಪೆಟ್ ಎತ್ತಿ, ತೇವದ ಜಾಡು ಹಿಡಿಯಬೇಕು. ಬಳಿಕ ಒಬ್ಬರು ಒಳಗೆ ಟಾರ್ಚ್ ಹಿಡಿದು ಕುಳಿತಿರಲು, ಇನ್ನೊಬ್ಬರು ಸಾಧಾರಣ ಪೈಪಿನಿಂದ ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ಕೆಲವು ನಿಮಿಷ ನೀರು ಬಿಡಬೇಕು. ಮೊದಲೇ ಚಾವಣಿಗೆ ಸುರಿದರೆ ಎಲ್ಲಿಂದ ಬಂತೆಂಬುದು ತಿಳಿಯುವುದೇ ಇಲ್ಲ. ಸೋರಿಕೆ ನಿಂತು, ಫೋಮ್ ಪೂರ್ತಿ ಒಣಗಿದ ನಂತರವೇ ವಿದ್ಯುತ್ ಪರೀಕ್ಷೆ. ಒಣಗಿಸುವ ವಿಷಯದಲ್ಲಿ ಮಾತ್ರ ಈ ಸೀಮೆಗೆ ಕೊರತೆಯಿಲ್ಲ, ಬಿಸಿಲು ಪುಕ್ಕಟೆ.

ವಾಹನಕ್ಕೆ ಬೀಗ ಹಾಕಿ ಅರ್ಧ ಗಂಟೆ ಬಿಟ್ಟು, ಮಲ್ಟಿಮೀಟರನ್ನು ನೆಗೆಟಿವ್ ತಂತಿಯ ನಡುವೆ ಜೋಡಿಸಿ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದರೆ ಸೋರುವ ಮಾರ್ಗ ಸಿಗುತ್ತದೆ. ದೀಪ ಉರಿಯುತ್ತಿರುವಾಗ ಅದರ ಅರ್ತಿಂಗ್ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ಕಂಡರೆ ಆ ಜೋಡಣೆಯನ್ನು ಉಜ್ಜಿ ಶುಚಿಗೊಳಿಸಬೇಕು. ಹಳದಿ ಬಣ್ಣದ ಏರ್‌ಬ್ಯಾಗ್ ಕನೆಕ್ಟರ್‌ಗಳಿಗೂ, ವಿದ್ಯುತ್ ವಾಹನಗಳ ಕಿತ್ತಳೆ ಬಣ್ಣದ ಕೇಬಲ್‌ಗಳಿಗೂ ತರಬೇತಿಯಿಲ್ಲದವರು ಕೈ ಹಾಕಕೂಡದು.

ಇಲ್ಲಿಯೇ ತರಬೇತಿಯ ಪ್ರಶ್ನೆ ಏಳುತ್ತದೆ. ಟೆಸ್ಟ್ ಲ್ಯಾಂಪ್ ಹಿಡಿದು ಕಲಿತ ತಲೆಮಾರಿನ ಎಲೆಕ್ಟ್ರಿಷಿಯನ್‌ಗಳ ಕೈಚಳಕವನ್ನು ಅಲ್ಲಗಳೆಯಲಾಗದು. ಆದರೆ ಅದೇ ಲ್ಯಾಂಪ್ ಎಳೆಯುವ ವಿದ್ಯುತ್ ಇಂದಿನ ಇಸಿಯುವನ್ನು ಸುಟ್ಟುಹಾಕಬಲ್ಲದು. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು 4,600 ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ ಮೇಲ್ದರ್ಜೆಗೇರಿಸುವ ಯೋಜನೆ 2022ರಲ್ಲಿ ಉದ್ಘಾಟನೆಯಾಯಿತು. ಹೊಸ ವಿದ್ಯಾರ್ಥಿಗಳಿಗೆ ಇದು ನೆರವಾಗಬಹುದು. ಇಪ್ಪತ್ತು ವರ್ಷಗಳಿಂದ ಹೋಬಳಿ ಕೇಂದ್ರದಲ್ಲಿ ಅಂಗಡಿ ನಡೆಸುತ್ತಿರುವವನಿಗೆ ಬೇಕಿರುವುದು ಎರಡು ವರ್ಷದ ಕೋರ್ಸ್ ಅಲ್ಲ, ಸಂಜೆ ವೇಳೆಯ ಹದಿನೈದು ದಿನಗಳ ಪಾಠ.

ವಿಮೆಯ ಸೂಕ್ಷ್ಮಾಕ್ಷರ

ವೆಚ್ಚವನ್ನು ಯಾರು ಭರಿಸಬೇಕು ಎಂಬಲ್ಲಿ ಗ್ರಾಮೀಣ ಮಾಲೀಕನ ಸ್ಥಿತಿ ಇನ್ನೂ ದುರ್ಬಲವಾಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಹದೇವಪುರ ಭಾಗದ ಬಡಾವಣೆಗಳಲ್ಲಿ ಕಾರುಗಳು ಮುಳುಗಿದಾಗ ಮಾಲೀಕರು ಪ್ರವಾಹದ ಹೆಸರಿನಲ್ಲಿ ಪರಿಹಾರ ಕೇಳಬಹುದಿತ್ತು. ಪ್ರವಾಹ ಮತ್ತು ಜಲಾವೃತ ಎರಡೂ ಸಮಗ್ರ ವಾಹನ ವಿಮೆಯ ವ್ಯಾಪ್ತಿಯಲ್ಲಿವೆ. ಆದರೆ ಅದೇ ಪಾಲಿಸಿ ಸವಕಳಿಯನ್ನೂ, ಯಾಂತ್ರಿಕ ಹಾಗೂ ವಿದ್ಯುತ್ ವೈಫಲ್ಯವನ್ನೂ ಸ್ಪಷ್ಟವಾಗಿ ಹೊರಗಿಡುತ್ತದೆ. ಒಣಗಿದ ರಬ್ಬರಿನಿಂದ ತಿಂಗಳುಗಟ್ಟಲೆ ಹನಿಹನಿಯಾಗಿ ಸೋರಿ ಕೆಟ್ಟ ಇಸಿಯು ಈ ಸಾಲಿಗೆ ಸೇರುತ್ತದೆ. ಹಳೆಯ ಸರಕು ವಾಹನಕ್ಕೆ ಕಾನೂನಿನ ಕಡ್ಡಾಯಕ್ಕಾಗಿ ಮೂರನೇ ವ್ಯಕ್ತಿಯ ವಿಮೆ ಮಾತ್ರ ಮಾಡಿಸಿದವರಿಗೆ ಪ್ರವಾಹವಾದರೂ ಒಂದೇ, ಸೋರಿಕೆಯಾದರೂ ಒಂದೇ: ಪೂರ್ತಿ ಹಣ ಕೈಯಿಂದಲೇ.

ಎಲ್ಲ ಹೊಣೆಯೂ ಮಾಲೀಕನದ್ದೇ ಎನ್ನಲಾಗದು. ಕಿಟಕಿಯಿಂದ ಬಿದ್ದ ನೀರು ಪವರ್ ವಿಂಡೋ ಸ್ವಿಚ್ಚಿನೊಳಗೆ ಹೊಕ್ಕು ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆಯೆಂದು ಹೋಂಡಾ ಕಂಪನಿ 2010ರ ಜನವರಿಯಲ್ಲಿ ವಿಶ್ವದಾದ್ಯಂತ 6 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಿತ್ತು. ಭಾರತದಲ್ಲಿ ಮಾರಾಟವಾಗಿದ್ದ 8,532 ಸಿಟಿ ಕಾರುಗಳೂ ಅದರಲ್ಲಿ ಸೇರಿದ್ದವು. ದಕ್ಷಿಣ ಆಫ್ರಿಕಾದಲ್ಲಿ ಕಾರಿಗೆ ಬೆಂಕಿ ತಗುಲಿ ಮಗುವೊಂದು ಸಾವಿಗೀಡಾದ ನಂತರದ ಕ್ರಮವಿದು. ಒಂದೇ ಮಾದರಿಯ ಹಲವು ವಾಹನಗಳಲ್ಲಿ ಒಂದೇ ಜಾಗದಲ್ಲಿ ನೀರು ಸೇರುತ್ತಿದ್ದರೆ ಅದು ವಿನ್ಯಾಸದ ದೋಷವಿರಬಹುದು. ಆದರೆ ರಸೀದಿಯಿಲ್ಲದೆ, ದೋಷಸಂಕೇತದ ದಾಖಲೆಯಿಲ್ಲದೆ ನಡೆಯುವ ರಿಪೇರಿಗಳಿಂದ ಅಂತಹ ದೂರು ರೂಪುಗೊಳ್ಳುವುದು ಸಾಧ್ಯವಿಲ್ಲ. ವಾರಂಟಿ ಅವಧಿಯಲ್ಲಿರುವ ವಾಹನದ ನೆಲ ಒದ್ದೆಯಾದ ದಿನವೇ ಲಿಖಿತ ದೂರು ನೀಡಿ, ಫೋಟೊ ತೆಗೆದಿಡುವುದು ಆದ್ದರಿಂದಲೇ ಮುಖ್ಯ.

ಸದ್ಯಕ್ಕೆ ಮಾಲೀಕನ ಕೈಯಲ್ಲಿರುವ ಪರೀಕ್ಷೆಗೆ ಖರ್ಚೇನೂ ಇಲ್ಲ. ಮುಂಗಾರಿಗೆ ಮುನ್ನ ಒಂದು ಚೊಂಬು ನೀರನ್ನು ಮುಂಗಾಜಿನ ಬುಡದ ಜಾಲರಿಗೆ ನಿಧಾನವಾಗಿ ಹೊಯ್ದು ಕೆಳಗೆ ಬಗ್ಗಿ ನೋಡಬೇಕು. ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳ ಹಿಂಭಾಗದಲ್ಲಿ ನೀರು ತಕ್ಷಣ ಇಳಿಯುತ್ತದೆ. ಇಳಿಯದಿದ್ದರೆ ಅದು ಬೇರೆಲ್ಲೋ ದಾರಿ ಹುಡುಕುತ್ತಿದೆ.