ತಟ್ಟೆಯ ಮುಂದೆ ತಂದೆ ಎಲ್ಲಿ?

ಕಳೆದ ವಾರ ಸಂಬಂಧಿಕರ ಮನೆಯೊಂದರಲ್ಲಿ ರಾತ್ರಿಯ ಊಟಕ್ಕೆ ಕುಳಿತಿದ್ದೆವು. ಮೂರೂವರೆ ವರ್ಷದ ಬಾಲಕ ಮೊಬೈಲ್ ಕೈಗೆ ಬರುವವರೆಗೂ ಬಾಯಿ ತೆರೆಯಲಿಲ್ಲ. ಕೊಟ್ಟರು, ತುತ್ತು ಇಳಿಯಿತು. ಸ್ವಲ್ಪ ಹೊತ್ತಿನಲ್ಲಿ ಚಾರ್ಜ್ ಮುಗಿದು ಪರದೆ ಕಪ್ಪಾದಾಗ ಆತ ತಟ್ಟೆಯನ್ನು ತಳ್ಳಿ, ನೆಲಕ್ಕೆ ಬಿದ್ದು ಕಿರುಚತೊಡಗಿದ. "ಈಗಿನ ತಾಯಂದಿರಿಗೆ ತರ್ಬಿಯತ್ ಎಂದರೇನೆಂದೇ ಗೊತ್ತಿಲ್ಲ" ಎಂದು ಹಿರಿಯರೊಬ್ಬರು ಹೇಳಿದರು. ತಾಯಿ ಮಗುವಿನ ಬೆನ್ನಿಗೆ ಎರಡೇಟು ಕೊಟ್ಟು ಒಳಗೆ ಎತ್ತಿಕೊಂಡು ಹೋದರು. ತಂದೆ ನಮ್ಮ ಪಕ್ಕದಲ್ಲಿಯೇ ಕುಳಿತಿದ್ದರು. ತಲೆಯೆತ್ತಲಿಲ್ಲ. ಅವರ ಕೈಯಲ್ಲಿಯೂ ಒಂದು ಮೊಬೈಲ್ ಇತ್ತು. ಅವರನ್ನು ಯಾರೂ ಏನೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ತರ್ಬಿಯತ್ ಎಂಬ ಪದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ! ಮದ್ರಸದಲ್ಲಿ ಅರಬಿ ವ್ಯಾಕರಣ ಕಲಿಯುವಾಗ ಅದರ ಧಾತುವಿಗೆ 'ಬೆಳೆಯುವುದು, ಹೆಚ್ಚುವುದು' ಎಂಬ ಅರ್ಥವನ್ನು ಬಾಯಿಪಾಠ ಮಾಡಿದ್ದೆವು. ತರ್ಬಿಯತ್ ಎಂದರೆ ಬೆಳೆಯುವಂತೆ ಮಾಡುವುದು. ಆದರೆ ನಮ್ಮ ಆಡುಮಾತಿನಲ್ಲಿ ಅದು ಗದರಿಸುವುದು ಎಂದಾಗಿದೆ. ಆ ಹೊಣೆಯೂ ಸಂಪೂರ್ಣವಾಗಿ ಹೆಣ್ಣಿನದ್ದಾಗಿದೆ.

ಪ್ರವಾದಿವರ್ಯರ(ಸ) ಮನೆಯ ಒಂದು ದೃಶ್ಯವನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ದಾಖಲಿಸಿವೆ. ಉಮರ್ ಬಿನ್ ಅಬೀ ಸಲಮ(ರ) ಆಗ ಬಾಲಕ. ಉಮ್ಮು ಸಲಮರ(ರ) ಮೊದಲ ಪತಿಯ ಮಗ. ಪ್ರವಾದಿವರ್ಯರ(ಸ) ಆಶ್ರಯದಲ್ಲಿ ಬೆಳೆಯುತ್ತಿದ್ದವರು. ಊಟದ ವೇಳೆ ಅವರ ಕೈ ತಟ್ಟೆಯ ತುಂಬ ಓಡಾಡುತ್ತಿತ್ತು. ಪ್ರವಾದಿವರ್ಯರು(ಸ) ಅವರನ್ನು ಪ್ರೀತಿಯಿಂದ ಕರೆದು, ಅಲ್ಲಾಹನ ಹೆಸರು ಹೇಳುವಂತೆ, ಬಲಗೈಯಿಂದ ತಿನ್ನುವಂತೆ, ತನ್ನ ಮುಂದಿರುವುದನ್ನು ತಿನ್ನುವಂತೆ ಕಲಿಸಿದರು. ಆ ಬಳಿಕ ತಮ್ಮ ಊಟದ ರೀತಿ ಹಾಗೆಯೇ ಉಳಿಯಿತೆಂದು ಉಮರ್(ರ) ಮುಂದೆ ಸ್ಮರಿಸುತ್ತಾರೆ. ಈ ಹದೀಸನ್ನು ಊಟದ ಶಿಷ್ಟಾಚಾರದ ಪಾಠವಾಗಿ ನಮ್ಮ ಮಕ್ಕಳಿಗೆ ಕಲಿಸಲಾಗುತ್ತದೆ. ಆದರೆ ಅದನ್ನು ತಂದೆಯರಿಗೆ ಯಾರು ಕಲಿಸುತ್ತಾರೆ? ಅಲ್ಲಿ ಮಗುವಿನ ಜೊತೆ ಒಂದೇ ತಟ್ಟೆಯಲ್ಲಿ ಕೈಯಿಟ್ಟಿದ್ದವರು ತಂದೆಯ ಸ್ಥಾನದಲ್ಲಿದ್ದವರು. ಒಂದು ಸಮುದಾಯದ ನಾಯಕತ್ವ, ಒಂದು ರಾಜ್ಯದ ಹೊಣೆ ಹೊತ್ತವರಿಗೆ ಅದಕ್ಕೆ ಸಮಯವಿತ್ತು. ಹೇಳಿದ್ದು ಮೂರು ಮಾತು, ಕೂಗಾಟವಿಲ್ಲ, ಏಟಿಲ್ಲ.

ಏಟಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಮಗುವಿಗೆ ಹೊಡೆಯುವವರು ನಮಾಝ್‌ನ ಹದೀಸನ್ನು ಪುರಾವೆಯಾಗಿ ಮುಂದಿಡುವುದುಂಟು. ಆ ಹದೀಸ್ ಏಳನೆಯ ವಯಸ್ಸಿನಲ್ಲಿ ನಮಾಝ್‌ಗೆ ಆದೇಶಿಸಿರಿ ಎನ್ನುತ್ತದೆ. ಶಿಕ್ಷೆಯ ಪ್ರಸ್ತಾಪ ಬರುವುದು ಹತ್ತನೆಯ ವಯಸ್ಸಿಗೆ. ಅಂದರೆ ಧರ್ಮದ ಸ್ತಂಭವಾದ ನಮಾಝ್‌ಗೂ ಏಳರ ಮೊದಲು ಆದೇಶವಿಲ್ಲ. ಹೀಗಿರುವಾಗ ಹಾಲು ಚೆಲ್ಲಿದ ನಾಲ್ಕು ವರ್ಷದ ಮಗುವಿಗೆ ಹೊಡೆಯಲು ಯಾವ ಪುರಾವೆಯಿದೆ? ಇನ್ನೊಂದು ಹದೀಸ್ ಅಬೂದಾವೂದ್‌ನಲ್ಲಿದೆ. ತಾಯಿಯೊಬ್ಬರು ಮಗುವನ್ನು "ಬಾ, ಕೊಡುತ್ತೇನೆ" ಎಂದು ಕರೆದಾಗ, ಏನು ಕೊಡಲಿದ್ದೀರಿ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಖರ್ಜೂರ ಎಂದರು. ಏನೂ ಕೊಡದೇ ಇದ್ದಿದ್ದರೆ ಅದು ಸುಳ್ಳೆಂದು ದಾಖಲಾಗುತ್ತಿತ್ತು ಎಂದು ಅವರು ಎಚ್ಚರಿಸಿದರು. "ಪೊಲೀಸ್ ಬರುತ್ತಾನೆ", "ಡಾಕ್ಟರ್ ಸೂಜಿ ಚುಚ್ಚುತ್ತಾರೆ", "ನಾಳೆ ಸೈಕಲ್ ತರುತ್ತೇನೆ" ಎಂದು ದಿನಕ್ಕೆ ಹತ್ತು ಬಾರಿ ಹೇಳುವ ಮನೆಗಳ ಲೆಕ್ಕ ಹೇಗಿರಬಹುದು? ನಮ್ಮ ಮನೆಯನ್ನು ನಾವು ಇದರಿಂದ ಹೊರಗಿಡುತ್ತಿಲ್ಲ.

ಇನ್ನು ಹಠದ ವಿಚಾರ. ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು, ಓಡಾಟ-ಆಟಕ್ಕೆ ಮೂರು ಗಂಟೆಯಾದರೂ ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮ ಪಟ್ಟಣದ ಮನೆಗಳಲ್ಲಿ ಅಂಗಡಿ ಮುಚ್ಚಿ ಗಂಡಸರು ಬರುವಾಗ ರಾತ್ರಿ ಹತ್ತು. ಊಟ ಹತ್ತೂವರೆಗೆ. ಮಗು ಮಲಗುವಾಗ ಹನ್ನೊಂದೂವರೆ. ಬೆಳಗ್ಗೆ ಏಳಕ್ಕೆ ಎಲ್‌ಕೆಜಿಯ ವ್ಯಾನಿಗಾಗಿ ಎಬ್ಬಿಸಬೇಕು. ಲೆಕ್ಕ ಹಾಕಿದರೆ ಏಳೂವರೆ ಗಂಟೆ! ಸಂಜೆ ಕಿರುಚುವ ಮಗುವಿಗೆ ದೃಷ್ಟಿಯಾಗಿದೆಯೆಂದು ಊದಿಸಲು ಹೋಗುವವರು ಮೊದಲು ಈ ಲೆಕ್ಕವನ್ನು ಮಾಡಲಿ. ಇಶಾದ ಬಳಿಕ ಹರಟೆಯನ್ನು ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲವೆಂಬುದನ್ನು ನಾವು ಓದಿದ್ದೇವೆ. ಆದರೆ ನಮ್ಮ ಮನೆಗಳಿಗೆ ಅತಿಥಿಗಳು ಬರುವುದೇ ಇಶಾದ ಬಳಿಕ.

ಆಹಾರದ ಸ್ಥಿತಿಯೂ ಹಾಗೆಯೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಸುಮಾರು ಮೂರನೇ ಎರಡು ಭಾಗದಷ್ಟು ಮಕ್ಕಳಿಗೆ ರಕ್ತಹೀನತೆ. ಇದಕ್ಕೆ ಬಡತನ ಮುಖ್ಯ ಕಾರಣ, ನಿಜ. ಆದರೆ ಬಡತನವಿಲ್ಲದ ಮನೆಯಲ್ಲಿಯೂ ಮಗುವಿನ ಬೆಳಗಿನ ಆಹಾರ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಊಟದಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ಚಹಾ ತಡೆಯುತ್ತದೆ. ಹತ್ತು ಗಂಟೆಗೆ ಐದು ರೂಪಾಯಿಯ ಕುರುಕಲು ಪೊಟ್ಟಣ. ಮಧ್ಯಾಹ್ನ ಅನ್ನ ಬೇಡವೆನ್ನುತ್ತದೆ. ಆಗ ಮೊಬೈಲ್ ಹೊರಬರುತ್ತದೆ. ಆ ಪೊಟ್ಟಣವನ್ನು ತಂದವರು ಯಾರು? ಹೆಚ್ಚಿನ ಬಾರಿ ತಂದೆ, ಇಲ್ಲವೇ ಅಜ್ಜ. ದಿನವಿಡೀ ಜೊತೆಗಿಲ್ಲದ ಪ್ರೀತಿಯನ್ನು ಅವರು ಅಂಗಡಿಯಲ್ಲಿ ಕೊಳ್ಳುತ್ತಾರೆ.

ತಾಯಂದಿರಿಗೆ ಉಪದೇಶದ ಕೊರತೆಯಿಲ್ಲ. ಕೊರತೆಯಿರುವುದು ಜೊತೆಗೆ ಕೂರುವವರದ್ದು. 1980ರ ದಶಕದಲ್ಲಿ ಜಮೈಕಾದ ಕಿಂಗ್ಸ್‌ಟನ್ ನಗರದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಬಡ ಕೇರಿಗಳ 129 ಕುಂಠಿತ ಬೆಳವಣಿಗೆಯ ಶಿಶುಗಳ ಅಧ್ಯಯನ ಆರಂಭಿಸಿದರು. ಒಂದು ಗುಂಪಿನ ಶಿಶುಗಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ಕುಳಿತರು. ಮನೆಯಲ್ಲಿಯೇ ಮಾಡಬಹುದಾದ ಆಟಿಕೆಗಳಿಂದ ಮಗುವಿನೊಂದಿಗೆ ಆಡುವುದು, ಮಾತಾಡುವುದು, ಹೊಗಳುವುದು ಹೇಗೆಂದು ತಾಯಿಗೆ ತೋರಿಸಿದರು. ಎರಡು ವರ್ಷ, ಅಷ್ಟೆ. ಇಪ್ಪತ್ತು ವರ್ಷಗಳ ಬಳಿಕ ಆ ಮಕ್ಕಳ ಸಂಪಾದನೆ, ಭೇಟಿ ಸಿಗದ ಮಕ್ಕಳಿಗಿಂತ ಶೇ. 25ರಷ್ಟು ಹೆಚ್ಚಿತ್ತು, ಹೊಡೆದಾಟದಂಥ ಹಿಂಸಾಕೃತ್ಯಗಳಲ್ಲಿ ಅವರು ತೊಡಗಿದ್ದೂ ಕಡಿಮೆ. ಸಂಪಾದನೆಯ ಕುರಿತಾದ ಫಲಿತಾಂಶ 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ನಮ್ಮಲ್ಲಿ ಈ ಕೆಲಸಕ್ಕೆ ಜನರೇ ಇಲ್ಲವೆಂದಲ್ಲ. 1975ರಲ್ಲಿ ಆರಂಭವಾದ ಅಂಗನವಾಡಿ ಯೋಜನೆಯಲ್ಲಿ ಮನೆ ಭೇಟಿಯೂ ಕಾರ್ಯಕರ್ತೆಯ ಕರ್ತವ್ಯವಾಗಿದೆ. ಆದರೆ ಸಂಬಳದ ಬದಲು ಗೌರವಧನ ಕೊಟ್ಟು, ಸಮೀಕ್ಷೆ, ಮತದಾರರ ಪಟ್ಟಿ, ಮೊಬೈಲ್ ಆ್ಯಪ್ ಎಲ್ಲವನ್ನೂ ಆಕೆಯ ತಲೆಯ ಮೇಲೆ ಹೇರಿದರೆ ಆಕೆ ಯಾರ ಮನೆಯಲ್ಲಿ ಒಂದು ಗಂಟೆ ಕೂರಬಲ್ಲಳು? ಮಕ್ಕಳನ್ನು ಕಳೆದುಕೊಳ್ಳುವ ಭಯದಿಂದ ಈ ಮಹಿಳೆಯರು 2024ರಲ್ಲಿ ಬೆಂಗಳೂರಿನ ಬೀದಿಗಿಳಿದಾಗ ಸಮುದಾಯದ ಸಂಘಟನೆಗಳಿಗೆ ಅದು ತಮ್ಮ ವಿಷಯವೆಂದು ಅನಿಸಲಿಲ್ಲ. 2006ರ ಪ್ರಧಾನಮಂತ್ರಿಯ ಹೊಸ 15 ಅಂಶಗಳ ಕಾರ್ಯಕ್ರಮದ ಮೊದಲ ಅಂಶವೇ ಅಲ್ಪಸಂಖ್ಯಾತ ಪ್ರದೇಶಗಳಿಗೆ ಅಂಗನವಾಡಿ ಸೇವೆಯ ನ್ಯಾಯಯುತ ಪಾಲು. ಮೀಸಲಾತಿ, ವಿದ್ಯಾರ್ಥಿ ವೇತನಗಳ ಬಗ್ಗೆ ಮನವಿ ಕೊಡುವ ನಮ್ಮ ನಾಯಕರು ತಮ್ಮ ವಾರ್ಡಿನ ಅಂಗನವಾಡಿ ಎಲ್ಲಿದೆಯೆಂದು ಒಮ್ಮೆ ಹೋಗಿ ನೋಡಲಿ. ಎಲ್‌ಕೆಜಿಯ ಟೈ ಕಟ್ಟಿಸಿದ ಮಾತ್ರಕ್ಕೆ ಅಲ್ಲಿಯ ಮೊಟ್ಟೆ, ಹಾಲು, ಆಟ ನಮಗೆ ಬೇಡವಾದವೇ?

ಸರಕಾರವನ್ನು ಕಾಯದೆಯೂ ಮಾಡಬಹುದಾದ ಕೆಲಸವಿದೆ. ನಮ್ಮ ಜಮಾಅತ್‌ಗಳ ಲೆಕ್ಕಪುಸ್ತಕದಲ್ಲಿ ಮಗುವಿನ ಹೆಸರು ಬರುವುದು ಅದು ಮದ್ರಸಕ್ಕೆ ಸೇರಿದ ಮೇಲೆ. ಅದಕ್ಕಿಂತ ಮೊದಲಿನ ಮೂರು ವರ್ಷಗಳಿಗೆ ಹಣವೂ ಇಲ್ಲ, ಜನವೂ ಇಲ್ಲ. ಮೊಹಲ್ಲಾದಲ್ಲಿ ಮಕ್ಕಳನ್ನು ಬೆಳೆಸಿ ಬಿಡುವಾಗಿರುವ ಹಿರಿಯ ಮಹಿಳೆಯರಿದ್ದಾರೆ, ಡಿ.ಎಡ್. ಮುಗಿಸಿ ಮನೆಯಲ್ಲಿರುವ ಯುವತಿಯರಿದ್ದಾರೆ. ಇಬ್ಬಿಬ್ಬರಂತೆ ತಿಂಗಳಿಗೆರಡು ಬಾರಿ ಚಿಕ್ಕ ಮಕ್ಕಳಿರುವ ಮನೆಗೆ ಹೋಗಿ ಕುಳಿತರೆ ಸಾಕು. ಒಂದೇ ಷರತ್ತು: ಬಯಾನ್ ಮಾಡಬಾರದು. ಗಂಡ ಗಲ್ಫ್‌ನಲ್ಲಿರುವ ಮನೆಗಳು ಈ ಪಟ್ಟಿಯ ಮೊದಲಿಗಿರಲಿ. ಖತೀಬರು ವರ್ಷಕ್ಕೆ ನಾಲ್ಕು ಜುಮಾ ಖುತ್‌ಬಾಗಳನ್ನಾದರೂ ತಂದೆಯರಿಗೆಂದೇ ಮೀಸಲಿಡಲಿ.

ಆ ರಾತ್ರಿ ನಾವು ಹೊರಡುವಾಗ ಹನ್ನೊಂದೂಮುಕ್ಕಾಲು. ಬಾಲಕ ಅತ್ತು ಸೋತು ತಂದೆಯ ಹೆಗಲ ಮೇಲೆ ನಿದ್ದೆಹೋಗಿದ್ದ. ಗೇಟಿನವರೆಗೆ ಬಂದ ಅವರೇ, "ಏನು ಮಾಡುವುದು ಹೇಳಿ" ಎಂದು ಕೇಳಿದರು. ಮಗ್ರಿಬ್ ಬಳಿಕ ಮನೆಗೆ ಬಂದು ಅವನೊಂದಿಗೆ ಒಂದೇ ತಟ್ಟೆಯಲ್ಲಿ ಊಟ ಮಾಡಿರಿ ಎಂದೆವು. "ಅಂಗಡಿ ಮುಚ್ಚುವುದೇ ಒಂಬತ್ತೂವರೆಗೆ, ಬಾಡಿಗೆ ಕಟ್ಟಬೇಕಲ್ಲ" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂಗಡಿ ತೆರೆಯುವುದು ಎಷ್ಟಕ್ಕೆಂದು ಕೇಳಿದೆವು. ಒಂಬತ್ತಕ್ಕೆ. ವ್ಯಾನ್ ಬರುವುದು ಎಂಟಕ್ಕೆ. ಹಾಗಾದರೆ ಬೆಳಗಿನ ತಟ್ಟೆ ನಿಮ್ಮದಾಗಲಿ, ಚಹಾ ಅದರಲ್ಲಿರುವುದು ಬೇಡ ಎಂದೆವು. ಅವರು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಫಜ್ರ್ ಬಳಿಕ ಮತ್ತೆ ಮಲಗುವ ಅಭ್ಯಾಸ ತಮ್ಮದು ಎಂದು ನಕ್ಕರು.