ಪೆಟ್ಟಿಗೆ ಅಂಗಡಿಯಾಗ, ಕೀಲಿಕೈ ಯಾರ ಕಡೆ?

ದೀಪಾವಳಿ ಪಾಡ್ಯದ ದಿನ ಅಂಗಡಿಗಳಲ್ಲಿ ಹೊಸ ಖಾತೆ ಪುಸ್ತಕಕ್ಕೆ ಅರಿಶಿಣ-ಕುಂಕುಮ ಹಚ್ಚಿ ಪೂಜೆ ಮಾಡುವುದು ಈ ಭಾಗದ ಹಳೆಯ ರೂಢಿ. ಈಗ ಅಣ್ಣಿಗೇರಿ, ನವಲಗುಂದ, ಕುಂದಗೋಳ ಪೇಟೆಗಳಲ್ಲಿ ಖಾತೆ ಪುಸ್ತಕದ ಮಗ್ಗುಲಿಗೆ ಕಂಪ್ಯೂಟರ್ ಕೂಡ ಹೂವಿನ ಹಾರ ಹಾಕಿಸಿಕೊಂಡು ಕುಳಿತಿರುತ್ತದೆ. ತಪ್ಪೇನಿಲ್ಲ. ಲೆಕ್ಕ ಎಲ್ಲಿದೆಯೋ ಲಕ್ಷ್ಮಿಯೂ ಅಲ್ಲೇ. ಆದರೆ ಪೂಜೆ ಮುಗಿಸಿದ ಮಾಲಕರನ್ನು ಒಂದು ಮಾತು ಕೇಳಿ ನೋಡಬೇಕು: "ಇದರೊಳಗಿನ ಲೆಕ್ಕ ಹೋದ್ರ ಏನ್ ಮಾಡ್ತೀರಿ?"

"ಸಾಫ್ಟ್‌ವೇರ್ ಹಾಕಿದ ಹುಡುಗ ಹುಬ್ಬಳ್ಳಿಯಾಗ ಅದಾನ್ರೀ. ಫೋನ್ ಮಾಡಿದ್ರ ಬರ್ತಾನ."

ಆ ಹುಡುಗ ಬೆಂಗಳೂರಿಗೆ ನೌಕರಿಗೆ ಹೋದರೆ? ಫೋನ್ ನಂಬರ್ ಬದಲಾದರೆ? ಮಾಲಕರು ನಗುತ್ತಾರೆ. ವಹಿವಾಟು ಲಕ್ಷಗಟ್ಟಲೆ, ಅದರ ಕೀಲಿಕೈ ಮಾತ್ರ ಯಾರ ಕಡೆ ಇದೆ ಎಂಬುದು ಗೊತ್ತಿಲ್ಲ. ಇದು ನಗುವ ಸಂಗತಿಯಲ್ಲ.

ಅಂಗಡಿಕಾರನ ಹಾನಿ ಅಂಗಡಿಕಾರನಿಗೇ ಇರಲಿ ಎಂದು ಸುಮ್ಮನಿರುವಂತೆಯೂ ಇಲ್ಲ. ಊರೂರಿನ ಸೊಸೈಟಿಗಳ ಲೆಕ್ಕವೂ ಈಗ ಇದೇ ಹಾದಿ ಹಿಡಿದಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳಿಗೆ ಕಂಪ್ಯೂಟರ್ ಮತ್ತು ಒಂದೇ ಮಾದರಿಯ ಸಾಫ್ಟ್‌ವೇರ್ ಕೊಡುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ನಬಾರ್ಡ್ ಅದರ ಉಸ್ತುವಾರಿ ಹೊತ್ತಿದೆ. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಕಣಗಿನಹಾಳದ ಕೃಷಿ ಸಹಕಾರಿ ಸಂಘ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿ ಹುಟ್ಟಿದ್ದು ಈ ಸೀಮೆಯಲ್ಲೇ. ಕಣಗಿನಹಾಳ ಆಗ ಧಾರವಾಡ ಜಿಲ್ಲೆಯಲ್ಲಿತ್ತು, 1997ರಿಂದ ಗದಗ ಜಿಲ್ಲೆಗೆ ಸೇರಿದೆ. ಸಹಕಾರದ ಪಾಠ ದೇಶಕ್ಕೆ ಹೇಳಿದ ನೆಲ, ಲೆಕ್ಕ ಕಾಯುವ ಪಾಠವನ್ನೂ ಹೇಳಬೇಕು.

ಸೊಸೈಟಿಯ ಲೆಕ್ಕ ತಪ್ಪಿದರೆ ಪೆಟ್ಟು ಬೀಳುವುದು ರೈತನಿಗೆ. ಬಡ್ಡಿ ಇಲ್ಲದ ಬೆಳೆಸಾಲದ ಮಿತಿಯನ್ನು ರಾಜ್ಯ ಸರಕಾರ 2023-24ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ವಾಯಿದೆಯೊಳಗೆ ಸಾಲ ಕಟ್ಟಿದವನಿಗಷ್ಟೇ ಆ ಸವಲತ್ತು. ಹೆಸರು ಮಾರಿ ಬಂದ ರೊಕ್ಕವನ್ನು ರೈತ ವಾಯಿದೆಯೊಳಗೆ ಕಟ್ಟಿದ್ದು ಕಂಪ್ಯೂಟರಿನಲ್ಲಿ ದಾಖಲಾಗದೆ ಹೋದರೆ, ಕಟ್ಟಿದವನೇ ಸುಸ್ತಿದಾರನಾಗುತ್ತಾನೆ. 2018ರ ಸಾಲಮನ್ನಾ ಕಾಲದ ನೆನಪು ಇನ್ನೂ ಮಾಸಿಲ್ಲ. ಆಧಾರದಲ್ಲಿ ಒಂದು ಹೆಸರು, ಉತಾರದಲ್ಲಿ ಇನ್ನೊಂದು, ಸೊಸೈಟಿ ಖಾತೆಯಲ್ಲಿ ಮತ್ತೊಂದು ಎಂದು ರೈತರು ಕಾಗದ ಹಿಡಿದು ಅಲೆದದ್ದು ಎಲ್ಲರೂ ಕಂಡದ್ದೇ.

ಹಾಗಾದರೆ ಕಂಪ್ಯೂಟರೇ ಬೇಡ, ಕೆಂಪು ಬಟ್ಟೆ ಹೊದಿಸಿದ ಕಿರ್ದಿಯೇ ವಾಸಿ ಎನ್ನುವವರಿದ್ದಾರೆ. ಆ ಮಾತೂ ಸರಿಯಲ್ಲ. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ನವಲಗುಂದ ತಾಲೂಕಿನ ಊರುಗಳಿಗೆ ನೀರು ನುಗ್ಗಿದ್ದನ್ನು ಮರೆಯಲಾದೀತೆ? ನೀರು ಕಾಗದವನ್ನೂ ಬಿಡುವುದಿಲ್ಲ, ಕಂಪ್ಯೂಟರನ್ನೂ ಬಿಡುವುದಿಲ್ಲ. ವ್ಯತ್ಯಾಸ ಇಷ್ಟೇ: ನೂರು ಪುಟದ ಕಿರ್ದಿಯನ್ನು ದಿನಾ ಸಂಜೆ ನಕಲು ಮಾಡಿಡಲು ಆಗದು, ಕಂಪ್ಯೂಟರಿನ ಲೆಕ್ಕವನ್ನು ಎರಡು ನಿಮಿಷದಲ್ಲಿ ನಕಲು ಮಾಡಬಹುದು. ಆ ಎರಡು ನಿಮಿಷವನ್ನೂ ಕೊಡದವನಿಗೆ ಎರಡೂ ಒಂದೇ.

ಸಾಫ್ಟ್‌ವೇರ್ ಕೊಳ್ಳುವಾಗ ನಮ್ಮವರು ಮೊದಲು ಕೇಳುವುದು ರೇಟು. ರೇಟು ಆಮೇಲೆ ಕೇಳಲಿ. ಮೊದಲು ಕೇಳಬೇಕಾದ ಪ್ರಶ್ನೆಗಳು ನಾಲ್ಕು.

ಒಂದನೆಯದು: "ನಾಳೆ ನಿಮ್ಮನ್ನ ಬಿಟ್ರ ನಮ್ಮ ಲೆಕ್ಕ ನಮಗ ಹೆಂಗ ಕೊಡ್ತೀರಿ?" ಕೆಲವು ಸಾಫ್ಟ್‌ವೇರುಗಳು ಲೆಕ್ಕವನ್ನು ತಮಗಷ್ಟೇ ತಿಳಿಯುವ ರೂಪದಲ್ಲಿ ಬರೆದಿಡುತ್ತವೆ. ಇಂಟರ್ನೆಟ್ಟಿನ ಮೇಲೆ ನಡೆಯುವ ಬಾಡಿಗೆ ಸಾಫ್ಟ್‌ವೇರಾದರೆ ವರ್ಷದ ಹಣ ಕಟ್ಟದಿದ್ದಾಗ ಬಾಗಿಲು ಮುಚ್ಚೀತು. ಆದ್ದರಿಂದ ಕೊಳ್ಳುವ ಮುಂಚೆಯೇ ಹತ್ತು ಬಿಲ್ಲು ಹಾಕಿಸಿ, ಅವನ್ನು ಎಕ್ಸೆಲ್ ಹಾಳೆಗೆ ಇಳಿಸಿಸಿ, ಬೇರೆ ಕಂಪ್ಯೂಟರಿನಲ್ಲಿ ತೆರೆಸಿ ನೋಡಬೇಕು. ತೆರೆಯದಿದ್ದರೆ ಆ ಮಾಲು ಬೇಡ. ಮುಖ್ಯ ಪಾಸ್‌ವರ್ಡ್ ಮಾಲಕನ ತಿಜೋರಿಯಲ್ಲಿರಬೇಕು, ಹಾಕಿಕೊಟ್ಟವನ ನೆನಪಿನಲ್ಲಲ್ಲ.

ಎರಡನೆಯದು: ಕರೆಂಟ್ ಹೋದರೆ ಏನು? ಇದು ಹಳ್ಳಿಯವರೇ ಕೇಳಬೇಕಾದ ಪ್ರಶ್ನೆ. ಪ್ರತಿ ವ್ಯವಹಾರಕ್ಕೂ ಎರಡು ಬದಿ ಉಂಟು. ರೈತನ ಖಾತೆಗೆ ಜಮಾ, ಅಂಗಡಿಯ ಖಾತೆಗೆ ಖರ್ಚು. ಒಂದು ಬದಿ ಬರೆದು ಇನ್ನೊಂದು ಬರೆಯುವಷ್ಟರಲ್ಲಿ ಕರೆಂಟ್ ಹೋದರೆ ಲೆಕ್ಕ ಕುಂಟುತ್ತದೆ. ಒಳ್ಳೆಯ ಡೇಟಾಬೇಸ್ ಬರೆದರೆ ಎರಡೂ ಬದಿ ಬರೆಯುತ್ತದೆ, ಇಲ್ಲವಾದರೆ ಒಂದನ್ನೂ ಬರೆಯುವುದಿಲ್ಲ. ಇದಕ್ಕೆ ಭಾರೀ ಬೆಲೆಯೂ ಬೇಕಿಲ್ಲ. ಪೋಸ್ಟ್‌ಗ್ರೆಸ್, ಎಸ್‌ಕ್ಯುಲೈಟ್ ಮೊದಲಾದವು ಪುಕ್ಕಟೆ ಸಿಗುತ್ತವೆ, ದೊಡ್ಡ ದೊಡ್ಡ ಕಂಪನಿಗಳೂ ಅವನ್ನೇ ನೆಚ್ಚಿವೆ. ಬರೀ ಎಕ್ಸೆಲ್ ಹಾಳೆಗೆ ಈ ಕಾವಲಿಲ್ಲ. ಹತ್ತು ಖಾತೆಗೆ ಅದು ಸಾಕಾದೀತು, ಸಾವಿರ ಖಾತೆಗೆ ಸಾಲದು.

ಮೂರನೆಯದು: ಹಳೆಯ ನಮೂದನ್ನು ಯಾರು, ಯಾವಾಗ ತಿದ್ದಿದರು ಎಂಬುದು ಉಳಿಯುತ್ತದೆಯೇ? ಕಿರ್ದಿಯಲ್ಲಿ ತಿದ್ದಿದರೆ ಮಸಿ ಹೇಳುತ್ತಿತ್ತು. ಕಂಪ್ಯೂಟರಿನಲ್ಲಿ 5 ಸಾವಿರವನ್ನು 50 ಸಾವಿರ ಮಾಡಿದರೆ ಗುರುತು ಉಳಿಯದಿರಬಹುದು. ಕಂಪನಿ ಕಾಯ್ದೆಯಡಿ ಬರುವವರಿಗೆ 2023ರ ಏಪ್ರಿಲ್ 1ರಿಂದ ಈ ತಿದ್ದುಪಡಿ ಜಾಡು ಕಡ್ಡಾಯ, ಅದನ್ನು ನಿಲ್ಲಿಸಲೂ ಬರದಂತಿರಬೇಕು. ದೇಶದೊಳಗಿನ ಸರ್ವರಿನಲ್ಲಿ ಲೆಕ್ಕದ ನಕಲನ್ನು ದಿನಾ ಇಡಬೇಕೆಂಬ ನಿಯಮ 2022ರ ಆಗಸ್ಟಿನಲ್ಲೇ ಬಂತು. ರೈತ ಉತ್ಪಾದಕ ಕಂಪನಿ ಕಟ್ಟಿಕೊಂಡವರು ಇದು ಪಟ್ಟಣದವರ ಕಾನೂನು ಎಂದುಕೊಳ್ಳದಿರಲಿ, ಹೆಸರಿನಲ್ಲೇ ಕಂಪನಿ ಇದೆ. ಜಿಎಸ್‌ಟಿ ಕಟ್ಟುವ ಗೊಬ್ಬರದಂಗಡಿಯವರೂ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಉಳಿಸಬೇಕು. ಅಪಘಾತದಲ್ಲಿ ದಾಖಲೆ ನಾಶವಾದರೆ ಮರಳಿ ತೆಗೆಯುವಂಥ ನಕಲೂ ಅವರಲ್ಲಿರಬೇಕು. "ಕಂಪ್ಯೂಟರ್ ಕೆಟ್ಟಿತ್ರೀ" ಎಂಬ ಉತ್ತರವನ್ನು ಕಾನೂನು ಕೇಳುವುದಿಲ್ಲ.

ನಾಲ್ಕನೆಯದು ಕನ್ನಡದ ಪ್ರಶ್ನೆ. ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಹೆಸರುಗಳು ಯಂತ್ರದೊಳಗೆ ಕನ್ನಡವಾಗಿ ಕೂತಿರುವುದಿಲ್ಲ. ಬೇರೆ ಅಕ್ಷರಗಳ ಸಂಕೇತಕ್ಕೆ ಕನ್ನಡದ ವೇಷ ಹಾಕಿರುತ್ತಾರೆ. ಆ ಫಾಂಟಿಲ್ಲದ ಕಂಪ್ಯೂಟರಿಗೆ ಹೋದರೆ ಬಸಪ್ಪನೂ ಕಾಣುವುದಿಲ್ಲ, ಫಕ್ಕೀರಪ್ಪನೂ ಕಾಣುವುದಿಲ್ಲ, ಚಿತ್ರವಿಚಿತ್ರ ಗೀಟುಗಳು ಕಾಣುತ್ತವೆ. ಯುನಿಕೋಡ್‌ನಲ್ಲಿ ಬರೆದದ್ದು ಎಲ್ಲಿ ಹೋದರೂ ಕನ್ನಡವೇ. ಹೆಸರು ಕೆಟ್ಟರೆ ಸಾಲವೂ ಕೆಡುತ್ತದೆ ಎಂಬುದನ್ನು 2018ರಲ್ಲೇ ನೋಡಿದ್ದಾಗಿದೆ.

ಈ ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕರೂ ಕೆಲಸ ಮುಗಿಯಲಿಲ್ಲ, ಬಳಸುವ ಶಿಸ್ತು ಬೇಕು. ನಕಲು ತೆಗೆದ ಪೆನ್‌ಡ್ರೈವನ್ನು ಅದೇ ಮೇಜಿನ ಖಾನೆಯಲ್ಲಿಟ್ಟರೆ ಕಳ್ಳ ಎರಡನ್ನೂ ಒಯ್ಯುತ್ತಾನೆ. ಬಲ್ಲವರ ಸೂತ್ರ ಸರಳ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಕಲಘಟಗಿಯ ಅಂಗಡಿಯ ಒಂದು ಪ್ರತಿ ಪಾಸ್‌ವರ್ಡ್ ಬೀಗದೊಂದಿಗೆ ಧಾರವಾಡದಲ್ಲಿರಲಿ. ತಿಂಗಳಿಗೊಮ್ಮೆ ಆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಬಾಕಿ ತಾಳೆ ನೋಡಲಿ. ತೆರೆದು ನೋಡದ ನಕಲು ಬಿತ್ತಿ ನೋಡದ ಬೀಜವಿದ್ದಂತೆ, ನಂಬುವಂತಿಲ್ಲ.

ದೊಡ್ಡವರ ಕೈಗೆ ಕೊಟ್ಟಿದ್ದೇವೆ, ನಮಗೇಕೆ ಚಿಂತೆ ಎನ್ನುವವರಿಗೆ ಒಂದು ಮಾತು. 2024ರ ಜುಲೈ ಕೊನೆಗೆ, ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಒಂದು ಕಂಪನಿಯ ಮೇಲೆ ಲೆಕ್ಕಕ್ಕೆ ಬೀಗ ಜಡಿದು ಹಣ ಕೇಳುವ ಪುಂಡರ ದಾಳಿಯಾಯಿತು. ಅದನ್ನು ರಾಷ್ಟ್ರೀಯ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಸುಮಾರು 300 ಸಹಕಾರಿ, ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ತೊಂದರೆಯಾದ ವರದಿ ಬಂತು. ಸೇವೆ ಬೇಗನೆ ಮರಳಿತು, ನಿಜ. ಆದರೆ ಎಲ್ಲರ ಮೊಟ್ಟೆ ಒಂದೇ ಬುಟ್ಟಿಯಲ್ಲಿದ್ದರೆ ಬುಟ್ಟಿ ಹೊತ್ತವನ ಕಾಲಿನ ಮೇಲೂ ಕಣ್ಣಿಡಬೇಕು.

ಸೊಸೈಟಿಗಳಿಗೆ ಸಾಫ್ಟ್‌ವೇರ್ ಆರಿಸುವ ಅಧಿಕಾರವಿಲ್ಲ, ಅದು ಮೇಲಿನಿಂದ ಬರುತ್ತದೆ. ಲೆಕ್ಕ ಕೇಳುವ ಅಧಿಕಾರ ಸದಸ್ಯರಿಗಿದೆ. ಹಳೆಯ ಖಾತೆಯಿಂದ ಕಂಪ್ಯೂಟರಿಗೆ ಏರಿಸಿದ ಪ್ರತಿಯೊಬ್ಬರ ಬಾಕಿಯ ಚೀಟಿಯನ್ನು ಅವರವರ ಕೈಗೆ ಕೊಟ್ಟು, ಸರಿ ಇದೆ ಎಂದು ಸಹಿ ಪಡೆದ ಮೇಲಷ್ಟೇ ಹಳೆಯ ಪುಸ್ತಕ ಮುಚ್ಚಬೇಕು. 2000ದ ಸುಮಾರಿಗೆ ಭೂಮಿ ಯೋಜನೆ ಬಂದಾಗ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೇರಿದವು. ಉತಾರ ಸಿಗುವುದು ಸುಲಭವಾಯಿತು, ಆದರೆ ಏರಿಸುವಾಗ ಹೊಕ್ಕ ಒಂದಕ್ಷರದ ತಪ್ಪನ್ನು ತಿದ್ದಿಸಲು ತಹಶೀಲ್ದಾರ ಕಚೇರಿಗೆ ಎಡತಾಕಬೇಕಾಯಿತು. ಮತ್ತೊಮ್ಮೆ ಆ ಪಾಡು ಬೇಡ. ಸಾಲ ಕಟ್ಟಿದ ದಿನವೇ ಪಾಸ್‌ಬುಕ್ಕಿನಲ್ಲಿ ಅಚ್ಚಾದ ನಮೂದು ಸಿಗಬೇಕು. ಯಂತ್ರ ಮರೆತರೂ ರೈತನ ಕೈಯಲ್ಲಿ ಸಾಕ್ಷಿ ಉಳಿಯುತ್ತದೆ.

ಸರ್ವಸಾಧಾರಣ ಸಭೆಯಲ್ಲಿ ಚಹಾ-ಚೂಡಾ ಮುಗಿಸಿ "ಎಲ್ಲಾ ಮಂಜೂರ್" ಎಂದು ಏಳುವ ಮೊದಲು ಯಾರಾದರೂ ಒಬ್ಬರು ನಿಂತು ಕೇಳಲಿ: "ಸೆಕ್ರೆಟರಿ ಸಾಹೇಬ್ರ, ನಮ್ಮ ಲೆಕ್ಕದ ಇನ್ನೊಂದು ಪ್ರತಿ ಎಲ್ಲೈತ್ರಿ? ಕಡೀಕ್ ಯಾವಾಗ ತೆಗೆದು ನೋಡೀರಿ?" ಉತ್ತರ ಠರಾವು ಪುಸ್ತಕದಲ್ಲಿ ದಾಖಲಾಗಲಿ.